ಆವಗೆಯ ಬೆಂಕಿ ಮತ್ತು ಶ್ರಾವಕನ ವ್ರತ

ಶ್ರಾವಕನು ಯಾವ ಉದ್ಯೋಗದಿಂದ ಜೀವಿಸಬಾರದು ಎಂಬ ಪ್ರಶ್ನೆಗೆ ಪೂರ್ವಾಚಾರ್ಯರು ಕೊಟ್ಟ ಉತ್ತರಗಳಲ್ಲಿ 15 ಕರ್ಮಾದಾನಗಳ ಪಟ್ಟಿ ಪ್ರಸಿದ್ಧವಾದುದು. ಅದರ ಮೊದಲನೆಯ ಹೆಸರೇ ಅಂಗಾರಕರ್ಮ, ಅಂದರೆ ಬೆಂಕಿಯನ್ನು ನೆಚ್ಚಿದ ಜೀವನೋಪಾಯ. ಇದ್ದಲು ಸುಡುವುದು, ಇಟ್ಟಿಗೆ ಬೇಯಿಸುವುದು, ಲೋಹ ಕಾಯಿಸುವುದು ಇವುಗಳ ಸಾಲಿನಲ್ಲಿಯೇ ಕುಂಬಾರಿಕೆಯನ್ನೂ 12ನೆಯ ಶತಮಾನದ ಹೇಮಚಂದ್ರಾಚಾರ್ಯರು ತಮ್ಮ ಯೋಗಶಾಸ್ತ್ರದಲ್ಲಿ ಸೇರಿಸಿದ್ದಾರೆ. ಅಗೆದ ಮಣ್ಣಿನಲ್ಲಿ ಪೃಥ್ವೀಕಾಯಿಕ ಜೀವಗಳು, ಕಲಸಿದ ನೀರಿನಲ್ಲಿ ಜಲಕಾಯಿಕ ಜೀವಗಳು, ಆವಗೆಯಲ್ಲಿ ಅಗ್ನಿಕಾಯಿಕ ಜೀವಗಳು ಮತ್ತು ಸೌದೆಯ ಸಂದಿನಲ್ಲಿ ಅಡಗಿದ ತ್ರಸಜೀವಗಳು ಇರುವುದರಿಂದ ಈ ಎಚ್ಚರಿಕೆ ಸಹಜವಾದುದೇ.

ಆದರೆ ಅದೇ ಪಟ್ಟಿಯನ್ನು ಹೇಳುವ ಶ್ವೇತಾಂಬರ ಆಗಮವಾದ ಉಪಾಸಕದಶಾಂಗವು ಹತ್ತು ಮಂದಿ ಆದರ್ಶ ಗೃಹಸ್ಥರ ಚರಿತ್ರೆಯನ್ನು ನಿರೂಪಿಸುವಾಗ ಏಳನೆಯವನನ್ನಾಗಿ ಆರಿಸಿಕೊಂಡದ್ದು ಒಬ್ಬ ಕುಂಬಾರನನ್ನು. ಪೋಲಾಸಪುರದ ಸದ್ದಾಲಪುತ್ರನಿಗೆ ಊರ ಹೊರಗೆ 500 ಕುಂಬಾರ ಮಳಿಗೆಗಳಿದ್ದವು. ಅನ್ನವನ್ನೂ ಕೂಲಿಯನ್ನೂ ಪಡೆಯುವ ಆಳುಗಳು ಅಲ್ಲಿ ಕೊಡ, ಅರೆಗೊಡ, ಕಲಶ, ಹರವಿ ಮೊದಲಾದವನ್ನು ಪ್ರತಿದಿನ ಮಾಡುತ್ತಿದ್ದರು. ಬೇರೆ ಆಳುಗಳು ರಾಜಬೀದಿಯಲ್ಲಿ ಅವನ್ನು ಮಾರುತ್ತಿದ್ದರು. ಆಳುಗಳಿಗೆ ಕೂಲಿ ಸಲ್ಲುತ್ತಿತ್ತೆಂಬ ಮಾತನ್ನು ಆಗಮಕಾರರು ಬಿಡದೆ ಬರೆದಿರುವುದು ವ್ಯಾಪಾರಸ್ಥರು ಗಮನಿಸತಕ್ಕ ವಿಷಯ. ಸದ್ದಾಲಪುತ್ರನು ಮೊದಲು ಆಜೀವಿಕ ಮತದವನು, ನಿಯತಿವಾದಿ. ಭಗವಾನ್ ಮಹಾವೀರರು ಬಿಸಿಲಿಗಿಟ್ಟ ಹಸಿಮಡಕೆಗಳನ್ನು ತೋರಿಸಿ, ಇವು ಹೇಗಾದವು ಎಂದು ಕೇಳುತ್ತಾರೆ. ಮೊದಲು ಮಣ್ಣಾಗಿದ್ದು, ನೀರಿನಲ್ಲಿ ನೆನೆದು, ಬೂದಿ ಸಗಣಿ ಬೆರೆತು, ತಿಗರಿಯನ್ನೇರಿ ಪಾತ್ರೆಗಳಾದವು ಎಂದು ಅವನ ಉತ್ತರ. ಅದು ಪುರುಷಪ್ರಯತ್ನದಿಂದಲೋ ಪ್ರಯತ್ನವಿಲ್ಲದೆಯೋ ಎಂದರೆ, ಪ್ರಯತ್ನವಿಲ್ಲದೆಯೇ, ಎಲ್ಲವೂ ನಿಯತ ಎನ್ನುತ್ತಾನೆ. ಹಾಗಾದರೆ ಯಾವನಾದರೂ ಈ ಮಡಕೆಗಳನ್ನು ಕದ್ದರೆ, ಒಡೆದರೆ ಏನು ಮಾಡುವೆ ಎಂದಾಗ, ದಂಡಿಸುವೆನೆಂದು ಹೇಳಿ ತನ್ನ ವಾದದಲ್ಲಿ ತಾನೇ ಸಿಕ್ಕಿಬೀಳುತ್ತಾನೆ. ಎಲ್ಲವೂ ನಿಯತವಾಗಿದ್ದರೆ ಕದ್ದವನ ಅಪರಾಧವೇನು? ಅಲ್ಲಿಂದ ಅವನು ಶ್ರಾವಕವ್ರತಗಳನ್ನು ಸ್ವೀಕರಿಸುತ್ತಾನೆ. ಮುಂದೆ ಗೋಶಾಲನು ಬಂದಾಗ ತಂಗಲು ತನ್ನ ಕುಂಬಾರ ಮಳಿಗೆಗಳಲ್ಲಿಯೇ ಅವಕಾಶ ಕೊಟ್ಟನೆಂದಿರುವುದರಿಂದ, ವ್ರತಿಯಾದ ಮೇಲೆಯೂ ಆ ಮಳಿಗೆಗಳು ಅವನವೇ ಆಗಿದ್ದವೆಂದು ತಿಳಿಯಬೇಕು.

ದಿಗಂಬರ ಪರಂಪರೆಯಲ್ಲಿಯೂ ಈ ಕಸುಬಿಗೆ ಹೀನಸ್ಥಾನವಿಲ್ಲ. ಜಿನಸೇನಾಚಾರ್ಯರ ಆದಿಪುರಾಣದಂತೆ, ಕಲ್ಪವೃಕ್ಷಗಳು ಮರೆಯಾದ ಕಾಲದಲ್ಲಿ ಕೊನೆಯ ಮನುವಾದ ನಾಭಿರಾಜನು ಆನೆಯ ಕುಂಭಸ್ಥಲದ ಮೇಲೆ ಹಸಿಮಣ್ಣನ್ನು ತಟ್ಟಿ ಪಾತ್ರೆಗಳನ್ನು ಮಾಡಿಕೊಟ್ಟನು. ಆದಿನಾಥರು ಉಪದೇಶಿಸಿದ ಷಟ್ಕರ್ಮಗಳಲ್ಲಿ ಶಿಲ್ಪವೂ ಒಂದು. ಇನ್ನು 13ನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ 15 ಕರ್ಮಾದಾನಗಳನ್ನು ಹೇಳಿ, ಲೋಕದಲ್ಲಿ ಪಾಪಕರ್ಮಗಳು ಅಸಂಖ್ಯವಿರುವಾಗ ಹೀಗೆ ಎಣಿಸುವುದು ಸೊಗಸಲ್ಲವೆಂದೂ, ತೀರ ಮಂದಬುದ್ಧಿಯವರಿಗಾಗಿ ಬೇಕಾದರೆ ಹೇಳಬಹುದೆಂದೂ ಟೀಕಿಸಿರುವುದು ಸ್ವಾರಸ್ಯಕರವಾಗಿದೆ.

ಈ ವಿಚಾರ ಇಂದು ಮತ್ತೆ ಪ್ರಸ್ತುತವಾಗಲು ಕಾರಣವಿದೆ. ಓದುಬರಹ ಕಲಿತ ತರುಣ ತರುಣಿಯರು ಮನೆಯ ಒಂದು ಕೋಣೆಯಲ್ಲಿಯೇ ವಿದ್ಯುತ್ ತಿಗರಿಯನ್ನೂ ಸಣ್ಣ ಆವಗೆಯನ್ನೂ ಇಟ್ಟುಕೊಂಡು ಬಟ್ಟಲು, ತಟ್ಟೆ, ಹೂದಾನಿ ಮಾಡಿ ಮಾರತೊಡಗಿದ್ದಾರೆ. ಹಳಿಯಾಳ, ಜೋಯಿಡಾಗಳ ನೆರೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ನಡೆದುಬಂದಿದೆ. ಜೈನ ಮನೆತನದ ಮಗಳೊಬ್ಬಳು ಇದನ್ನು ಕಲಿಯಬಯಸಿದರೆ ಹಿರಿಯರು ಅಂಗಾರಕರ್ಮದ ಮಾತೆತ್ತುವುದು ಸಹಜ. ವಿದ್ಯುತ್ ಆವಗೆಯಲ್ಲಿ ಸೌದೆಯಿಲ್ಲ, ಹೊಗೆಯಿಲ್ಲ, ಆದ್ದರಿಂದ ಹಿಂಸೆಯಿಲ್ಲ ಎಂಬ ಸಮಾಧಾನ ಮಾತ್ರ ನಿಲ್ಲತಕ್ಕದ್ದಲ್ಲ. ವಿದ್ಯುತ್ತಿಗಾಗಿ ಕಾಳಿ ನದಿಗೆ ಸೂಪಾ ಅಣೆಕಟ್ಟು ಕಟ್ಟಿದಾಗ ಹಳೆಯ ಸೂಪಾ ಊರೇ ನೀರಿನಲ್ಲಿ ಮುಳುಗಿತು. ಗುಂಡಿ ಒತ್ತುವವನಿಗೆ ಅದು ಕಾಣುವುದಿಲ್ಲ, ಅಷ್ಟೆ. ಗೃಹಸ್ಥನಿಗೆ ಉದ್ಯೋಗೀ ಹಿಂಸೆ ಪೂರ್ಣ ತಪ್ಪದು; ತಪ್ಪದಿದ್ದಲ್ಲಿ ಯತ್ನಾಚಾರ ಬೇಕು. ಆವಗೆಯ ಗೂಡುಗಳಲ್ಲಿ ಹಲ್ಲಿ, ಇರುವೆ ಸೇರಿವೆಯೇ ಎಂದು ನೋಡಿಯೇ ಉರಿ ಹಚ್ಚುವುದು, ನೀರನ್ನು ಸೋಸಿ ಬಳಸುವುದು, ಮಾಡುವ ಪ್ರಮಾಣಕ್ಕೆ ಮಿತಿ ಹಾಕಿಕೊಳ್ಳುವುದು ಇವು ಆ ಯತ್ನದ ಅಂಗಗಳು.

ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ ಮಾರಾಟದ್ದು. ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಐದು ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನು, ಅಂದರೆ ಒಳ್ಳೆಯದರ ವೇಷ ಹಾಕಿಸಿ ಕೀಳು ವಸ್ತುವನ್ನು ಮಾರುವುದನ್ನು ಹೇಳುತ್ತದೆ. ಬಿರುಕಿಗೆ ಮೇಣ ತುಂಬಿ ಮೇಲೆ ಕೆಮ್ಮಣ್ಣು ಬಳಿದ ಕೊಡ, ಅಚ್ಚಿನಲ್ಲಿ ಎರೆದು ಕೈಯಿಂದ ತಿದ್ದಿದೆನೆಂದು ಹೇಳುವ ಬಟ್ಟಲು, ಇವೆಲ್ಲ ಈ ಅತಿಚಾರವೇ. ಸೀಸ ಬೆರೆತ ಹೊಳಪನ್ನು ಬಳಿದ ಪಾತ್ರೆಯನ್ನು ಅಡುಗೆಗೆಂದು ಮಾರಿದರೆ ಅದು ಅಚೌರ್ಯವನ್ನೂ ದಾಟಿ ಅಹಿಂಸಾವ್ರತದ ಭಂಗವಾಗುತ್ತದೆ, ಏಕೆಂದರೆ ಹುಳಿಯ ಪದಾರ್ಥ ಅಂಥ ಪಾತ್ರೆಯಿಂದ ಸೀಸವನ್ನು ಎಳೆದುಕೊಳ್ಳಬಲ್ಲದು. ಸೊಟ್ಟಗಾದದ್ದನ್ನು ಸೊಟ್ಟಗಿದೆ ಎಂದೇ ಹೇಳಿ ಕಡಿಮೆ ಬೆಲೆಗೆ ಕೊಡುವುದರಲ್ಲಿ ದೋಷವಿಲ್ಲ. ಕೈ ಪಳಗದವನು ಎಂದಿನಿಂದ ಮಾರಬಹುದೆಂಬುದಕ್ಕೆ ಇದೇ ಅಳತೆ: ಕಂಡ ದೋಷವನ್ನು ಬಾಯಿಬಿಟ್ಟು ಹೇಳುವ ಧೈರ್ಯ ಬಂದ ದಿನದಿಂದ.

ಬೆಲೆಯ ಲೆಕ್ಕಕ್ಕೆ ಬಂದರೆ, ಒಂದು ಆವಗೆಗೆ 100 ಪಾತ್ರೆಗಳೆನ್ನೋಣ. ಮಣ್ಣು, ಉರಿ, ಕೂಲಿ ಎಲ್ಲ ಸೇರಿ ವೆಚ್ಚ 6,000 ರೂಪಾಯಿ. ಕೊಳ್ಳುವವನು ಪಾತ್ರೆಗೆ 60 ರೂಪಾಯಿ ಎಂದು ಗುಣಿಸುತ್ತಾನೆ. ಆದರೆ ಒಣಗುವಾಗ, ಬೇಯುವಾಗ 25 ಒಡೆದರೆ ಉಳಿದ 75ರ ಮೇಲೆ ಬೀಳುವ ವೆಚ್ಚ ತಲಾ 80 ರೂಪಾಯಿ. 60ಕ್ಕೇ ಕೊಡೆಂದು ಹಟ ಹಿಡಿದವನು ಕುಂಬಾರನ ಜೇಬಿನಿಂದ 1,500 ರೂಪಾಯಿ ಕೀಳುತ್ತಾನೆ. ಹೊಸಬನು 100ರಲ್ಲಿ 50 ಒಡೆದು 120 ಕೇಳಿದರೆ ಅದೂ ನ್ಯಾಯವಲ್ಲ. ಪಳಗಿದ ಕೈಗೆ ಆಗುವ ನಷ್ಟ ಸರಕಿನ ವೆಚ್ಚ. ಕಲಿಯುವವನ ಹೆಚ್ಚಿನ ನಷ್ಟ ಬಂಡವಾಳ. ಬಂಡವಾಳವನ್ನು ಹಲವು ವರ್ಷಗಳ ಮೇಲೆ ಹರಡಬೇಕೇ ಹೊರತು ಮೊದಲ ಗಿರಾಕಿಯ ತಲೆಗೆ ಕಟ್ಟಬಾರದು.

ಮುಂಡಗೋಡ ತಾಲೂಕಿನ ಮಳಗಿಯಲ್ಲಾಗಲಿ ಬೇರೆಲ್ಲಿಯಾಗಲಿ ಜೈನ ಗೃಹಸ್ಥರು ತಿಗರಿ ತಿರುಗಿಸುವುದು ಅಪರೂಪ, ಆದರೆ ಬೇಸಿಗೆಗೆ ಹರವಿಯನ್ನೂ ದೀಪಾವಳಿಗೆ ಹಣತೆಯನ್ನೂ ಕೊಳ್ಳದ ಮನೆಯಿಲ್ಲ. (ಮಳಗಿ ಎಂದರೆ ಅಂಗಡಿ ಎಂಬ ಅರ್ಥವೂ ಉಂಟು, ಊರ ಹೆಸರಿನ ಮೂಲ ಬೇರೆ ಮಾತು.) ಆಸ್ರವವು ಕೃತ, ಕಾರಿತ, ಅನುಮತ ಎಂಬ ಮೂರು ದ್ವಾರಗಳಿಂದಲೂ ಆಗುತ್ತದೆಂದು ಸೂತ್ರಕಾರರೇ ಹೇಳಿರುವಾಗ, ಬೇರೆಯವನ ಕೈಯಿಂದ ಆವಗೆ ಹಚ್ಚಿಸಿ ತನ್ನ ಕೈ ಶುದ್ಧವೆನ್ನುವುದು ಹೇಗೆ? ಬೆಂಕಿಯ ಪಾಪ ಅವನಿಗೆ, ಹಣತೆಯ ಬೆಳಕು ನಮಗೆ, ಮೇಲೆ ಎರಡು ರೂಪಾಯಿ ಕಡಿಮೆ ಮಾಡೆಂಬ ಚೌಕಾಶಿಯೂ ನಮಗೆ! ವ್ರತದ ಕಾರಣದಿಂದ ಒಂದು ಕಸುಬಿನಿಂದ ದೂರ ನಿಂತವನು ಆ ಕಸುಬಿನವನಿಗೆ ಇತರರಿಗಿಂತ ಹೆಚ್ಚು ಋಣಿ. ಅವನು ಹೊತ್ತ ಭಾರದಿಂದಲೇ ಇವನ ವ್ರತ ಹಗುರವಾಗಿ ನಡೆದಿದೆ.

ಬಸದಿಗಳ ಟ್ರಸ್ಟುಗಳು ಈ ವಿಷಯದಲ್ಲಿ ಮಾಡಬಹುದಾದ ಕೆಲಸ ಸಣ್ಣದು, ಸಾಧ್ಯವಾದುದು. ಮಳಗಿಯಂಥ ಮಲೆನಾಡಿನ ಸೆರಗಿನ ಊರುಗಳಲ್ಲಿ ಮಳೆಗಾಲದ ತೇವಕ್ಕೆ ಹಸಿಮಣ್ಣು ಒಣಗುವುದು ಕಷ್ಟ, ಸೌದೆಯೂ ಹಸಿಯಾಗಿರುತ್ತದೆ. ಆಶ್ವಯುಜದ ಕೊನೆಯ ವಾರದಲ್ಲಿ ಸಾವಿರ ಹಣತೆ ಬೇಕೆಂದು ಹೇಳಿದರೆ ಕುಂಬಾರನು ಅರೆಬೆಂದದ್ದನ್ನು ಕೊಡಬೇಕು, ಇಲ್ಲವೇ ಗಿರಾಕಿಯನ್ನು ಕಳೆದುಕೊಳ್ಳಬೇಕು. ಅವನ ಅತಿಚಾರಕ್ಕೆ ಆಗ ಟ್ರಸ್ಟೇ ಕಾರಿತದ ಭಾಗಿ. ನಿರ್ವಾಣ ಮಹೋತ್ಸವದ ಹಣತೆಗಳನ್ನು ವೈಶಾಖದಲ್ಲಿಯೇ ಗೊತ್ತುಮಾಡಿ, ಒಡೆಯುವ ಪಾಲನ್ನೂ ಸೇರಿಸಿ ದರ ನಿಶ್ಚಯಿಸಿ, ಅರ್ಧ ಹಣವನ್ನು ಮುಂಗಡವಾಗಿ ಕೊಟ್ಟರೆ ಅವನು ಬಿಸಿಲಿರುವಾಗಲೇ ಮಾಡಿ ಸುಟ್ಟು ಒಳಗಿಡಬಹುದು. ಆ ಮುಂಗಡವನ್ನು ದಾನದ ಖಾತೆಯಲ್ಲಿ ಬರೆಯದೆ ಖರೀದಿಯ ಖಾತೆಯಲ್ಲಿಯೇ ಬರೆಯಬೇಕು.