ಗೆದ್ದವನ ಹೊರೆ

ಕಳೆದ ಬೇಸಗೆಯಲ್ಲಿ ತಂಗಿಯ ಮನೆಗೆಂದು ಮಸ್ಕಿಗೆ ಹೋಗಿದ್ದೆ. ಮಧ್ಯಾಹ್ನದ ಬಿಸಿಲಿಗೆ ಹೊರಗೆ ಕಾಲಿಡುವಂತಿರಲಿಲ್ಲ. ಪಡಸಾಲೆಯಲ್ಲಿ ತಂಗಿಯ ಮೊಮ್ಮಕ್ಕಳಿಬ್ಬರು, ಹನ್ನೆರಡು ವರ್ಷದ ಅಕ್ಕ ಮತ್ತು ಒಂಬತ್ತು ವರ್ಷದ ತಮ್ಮ, ಕಂಪ್ಯೂಟರಿನ ಮುಂದೆ ಕುಳಿತು ಮೈಮರೆತು ಆಡುತ್ತಿದ್ದರು. ತಾನು ಕಾಲೇಜಿನಲ್ಲಿದ್ದಾಗ ಆಡಿದ ಹಳೆಯ ಆಟವೆಂದು ಅವರಪ್ಪ ಹುಡುಕಿ ತಂದುಕೊಟ್ಟಿದ್ದನಂತೆ. 'ಸೂಪರ್ ಪಜಲ್ ಫೈಟರ್' ಎಂದು ಅದರ ಹೆಸರು. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯವರು 1996ರಲ್ಲಿ ಹೊರತಂದದ್ದು.

ನೋಡುತ್ತ ಕುಳಿತೆ. ಪರದೆಯ ಮೇಲೆ ಅಕ್ಕಪಕ್ಕದಲ್ಲಿ ಎರಡು ಅಂಕಣಗಳು, ಒಬ್ಬೊಬ್ಬರಿಗೆ ಒಂದೊಂದು. ಮೇಲಿನಿಂದ ಕೆಂಪು, ಹಸಿರು, ಹಳದಿ, ನೀಲಿ ಹರಳುಗಳು ಎರಡೆರಡಾಗಿ ಇಳಿದು ಬರುತ್ತವೆ. ಒಂದೇ ಬಣ್ಣದವನ್ನು ಒಂದೆಡೆ ಕೂಡಿಸಿಟ್ಟು, ಅದೇ ಬಣ್ಣದ ದುಂಡು ಹರಳೊಂದನ್ನು ತಾಗಿಸಿದರೆ ರಾಶಿ ಸಿಡಿದು ಮಾಯವಾಗುತ್ತದೆ. ರಾಶಿ ಬೆಳೆದು ಅಂಕಣದ ಬಾಯಿ ಮುಟ್ಟಿದರೆ ಸೋಲು. ಇಷ್ಟೇ ಆಗಿದ್ದರೆ ಅದು ಅಚ್ಚುಕಟ್ಟುತನದ ಪಾಠವಾಗಿ ಮುಗಿಯುತ್ತಿತ್ತು. ಆದರೆ ಹುಡುಗಿ ದೊಡ್ಡದೊಂದು ರಾಶಿಯನ್ನು ಸಿಡಿಸಿ ನನ್ನ ಕಡೆ ತಿರುಗಿ ನಕ್ಕಳು.

"ನಾ ಒಡೆದವು ಎಲ್ಲಿ ಹೋಗ್ತಾವ ಗೊತ್ತೈತೇನ್ರಿ ಅಜ್ಜ? ಇವನ ತೆಲಿ ಮ್ಯಾಲ!"

ಹೌದು. ಅವಳ ಅಂಕಣ ಬರಿದಾದ ಮರುಕ್ಷಣ ತಮ್ಮನ ಅಂಕಣದ ಮೇಲೆ ಹರಳುಗಳು ಮಳೆಯಂತೆ ಸುರಿದವು. ಅವುಗಳ ಮೇಲೆ 5 ಎಂಬ ಅಂಕಿ. ಆ ಅಂಕಿ ಇರುವ ತನಕ ಅವನ್ನು ರಾಶಿಗೆ ಸೇರಿಸಿಕೊಳ್ಳುವಂತಿಲ್ಲ, ಸುಮ್ಮನೆ ಹೊರಬೇಕು. ಇವಳ ಮನೆ ಹಸನಾಯಿತು. ಇಲ್ಲಿ ಗುಡಿಸಿದ್ದು ಅಲ್ಲಿ ಬಿತ್ತು.

ಆಗ ನನ್ನ ಮನಸ್ಸಿನಲ್ಲಿ ಪ್ರಶ್ನೆಯೊಂದು ಎದ್ದಿತು: ಗೆಲುವೆಂದರೆ ಇಷ್ಟೇ ಏನು? ಒಬ್ಬನ ಅಂಗಳದ ಚೊಕ್ಕಟವೆಲ್ಲ ಇನ್ನೊಬ್ಬನ ಅಂಗಳದ ಕಸವೆ?

ಪ್ರಶ್ನೆ ಬಾಲಿಶವೆಂದು ಓದುಗರು ನಗಬಾರದು. ಮಸ್ಕಿಯಿಂದ ಸಿಂಧನೂರಿನ ದಾರಿ ಹಿಡಿದು ಹೋದವರಿಗೆ ಅದು ಬೇರೊಂದು ರೂಪದಲ್ಲಿ ಎದುರಾಗುತ್ತದೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದ ಮೇಲೆ ಅದರ ಎಡದಂಡೆ ಕಾಲುವೆ ಈ ಸೀಮೆಗೆ ಹಸಿರು ತಂದಿತು. ಕಡಿಮೆ ನೀರಿನ ಬೆಳೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಹೆಚ್ಚು ಜನರಿಗೆ ನೀರು ಸಿಗಲೆಂದು ಹೂಡಿದ ಯೋಜನೆ ಅದು. ಆದರೆ ನೀರು ಕಂಡವನು ಭತ್ತ ಹಾಕಿದ. ತಪ್ಪೆಂದು ಹೇಳುವುದು ಸುಲಭ. ಸಾಲವಿರುವ ರೈತ ಹೆಚ್ಚು ಲಾಭದ ಬೆಳೆಯನ್ನು ಬಿಟ್ಟಾನೆಯೆ? ಆದರೆ ಮೇಲಿನ ಗದ್ದೆ ತುಂಬಿದಷ್ಟೂ ಕಾಲುವೆಯ ಕೊನೆಯ ಭಾಗದ ಹೊಲ ಒಣಗುತ್ತದೆ. ವರ್ಷ ವರ್ಷವೂ ಕೊನೆಯ ಭಾಗದವರು ನೀರಿಗಾಗಿ ಮೊರೆಯಿಡುವುದನ್ನು ನಾವು ಪತ್ರಿಕೆಯಲ್ಲಿ ಓದುತ್ತೇವೆ, ಮತ್ತು ಪುಟ ಮಗುಚುತ್ತೇವೆ.

ಆಟಕ್ಕೂ ಕಾಲುವೆಗೂ ಹೋಲಿಕೆ ಇದೆಯೆಂದೆ. ಆದರೆ ಭೇದವೇ ಹೆಚ್ಚು, ಆ ಭೇದದಲ್ಲಿಯೇ ಧರ್ಮದ ಪ್ರಶ್ನೆ ಇದೆ. ತಮ್ಮನಾದವನು ತಾನಾಗಿ ಬಂದು ಕುಳಿತವನು. ಅವನಿಗೂ ಅಕ್ಕನಿಗೂ ಖಾಲಿ ಅಂಕಣವೇ ಸಿಕ್ಕಿದ್ದು, ನಿಯಮ ಒಂದೇ. ಸೋತರೂ 'ಇನ್ನೊಮ್ಮೆ' ಎಂದರೆ ಸಾಕು, ರಾಶಿಯೆಲ್ಲ ಅಳಿಸಿಹೋಗುತ್ತದೆ. ಕೊನೆಯ ಭಾಗದ ರೈತನಾದರೋ ಆಟಕ್ಕೆ ಕುಳಿತವನಲ್ಲ. ಆಟವೊಂದು ನಡೆದಿದೆಯೆಂಬುದು ಅವನಿಗೆ ತಿಳಿಯುವುದೇ ಸೋತ ಮೇಲೆ. ಅವನ ಒಣಗಿದ ಪೈರನ್ನು ಯಾವ 'ಇನ್ನೊಮ್ಮೆ'ಯೂ ಅಳಿಸುವುದಿಲ್ಲ. ಸ್ಪರ್ಧೆ ಕೆಟ್ಟದ್ದಲ್ಲ, ಕುಳಿತುಕೊಳ್ಳದವನನ್ನು ಎದುರಾಳಿಯಾಗಿ ಮಾಡುವುದು ಕೆಟ್ಟದ್ದು.

ಇದಕ್ಕೊಂದು ಸಮಾಧಾನದ ಮಾತನ್ನು ಹುಡುಗಿಯೇ ಹೇಳಿದಳು. "ಐದು ಸಲ ತಡಕೊಂಡ್ರ ಸಾಕ್ರಿ, ಅವು ಇವನವೇ ಹರಳ ಆಗ್ತಾವ. ಆಮ್ಯಾಲ ನನ್ನ ಮ್ಯಾಲೇ ಒಗೀತಾನ." ಒಂದೊಂದು ಜೋಡಿ ಹರಳು ಇಳಿದಂತೆ ಅಂಕಿ ಒಂದೊಂದಾಗಿ ಕಡಿಮೆಯಾಗುತ್ತದೆ, ಮುಗಿದಾಗ ಹೊರೆಯೇ ಸೊತ್ತಾಗುತ್ತದೆ. ಆಟ ಹೂಡಿದವನು ಜಾಣ. ಕಷ್ಟ ತಾಳಿದವನಿಗೆ ಅದೇ ಬಂಡವಾಳವೆಂದು ನಮ್ಮ ಹಿರಿಯರೂ ಹೇಳಿದ್ದುಂಟು. ಆದರೆ ಈ ಮಾತನ್ನು ಯಾರು ಆಡುತ್ತಾರೆ ಎಂಬುದನ್ನು ನೋಡಬೇಕು. ಹೊತ್ತವನು ಆಡಿದರೆ ಅದು ಧೈರ್ಯ. ಹೊರಿಸಿದವನು ಆಡಿದರೆ ನುಣುಚಿಕೊಳ್ಳುವ ಉಪಾಯ. ಐದು ಸಲ ತಾಳುವಷ್ಟು ಜಾಗ ಎಲ್ಲರ ಅಂಕಣದಲ್ಲಿಯೂ ಉಳಿದಿರುವುದಿಲ್ಲ.

ಸಂಜೆ ಬಿಸಿಲಿಳಿದ ಮೇಲೆ ಅಶೋಕನ ಶಾಸನವನ್ನು ನೋಡಲು ಹೋದೆ. ಮಸ್ಕಿಗೂ ಹರಳಿಗೂ ನಂಟು ಹೊಸತಲ್ಲ. 1954ರಲ್ಲಿ ಇಲ್ಲಿ ಉತ್ಖನನ ಮಾಡಿದಾಗ ಸಾವಿರಾರು ವರ್ಷಗಳ ಹಿಂದಿನವರು ಕೊರೆದು ತೊಟ್ಟ ಬಣ್ಣದ ಕಲ್ಲಿನ ಮಣಿಗಳು ದೊರೆತವು. ಶಾಸನ ಸಿಕ್ಕಿದ್ದೂ ಹೊಳೆಯುವ ವಸ್ತುವಿನ ಆಸೆಯಿಂದಲೇ: 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ ಅದನ್ನು ಕಂಡ. 'ದೇವಾನಾಂಪ್ರಿಯ'ನೆಂಬ ಬಿರುದಿನ ಹಿಂದಿದ್ದ ಅಶೋಕನೆಂಬ ಹೆಸರು ಈ ಬಂಡೆಯ ಮೇಲೆ ಸ್ಪಷ್ಟವಾಗಿ ಸಿಕ್ಕಿತು. ಶ್ರೇಯಸ್ಸು ದೊಡ್ಡವರ ಸೊತ್ತಲ್ಲ, ಧರ್ಮದಲ್ಲಿ ನಿಂತ ಸಣ್ಣವನೂ ಅದನ್ನು ಮುಟ್ಟಬಲ್ಲ ಎಂಬುದು ಅದರ ಅರ್ಥ. ಸಣ್ಣವನು ಮುಟ್ಟಿದರೆ ದೊಡ್ಡವನದು ಕಡಿಮೆಯಾಗದಂಥ ಸಂಪತ್ತು ಒಂದಿದೆಯೆಂದಾಯಿತು.

ಇಂಥ ಮಾತು ಅರಸನಿಗೆ ಸುಮ್ಮನೆ ಹೊಳೆದಿರಲಾರದು. ಕಳಿಂಗವನ್ನು ಗೆದ್ದವನು ಅವನು. ತನ್ನ ಹದಿಮೂರನೆಯ ಶಿಲಾಶಾಸನದಲ್ಲಿ ಅವನು ಲೆಕ್ಕವನ್ನು ಬರೆಸಿದ್ದಾನೆ: ಸತ್ತವರು ಒಂದು ಲಕ್ಷ, ಸೆರೆಯಾಗಿ ಸಾಗಿಹೋದವರು ಒಂದೂವರೆ ಲಕ್ಷ. ಗೆದ್ದವರು ಗಳಿಕೆಯನ್ನು ಬರೆಸುವುದು ಲೋಕರೂಢಿ. ಇವನು ಬರೆಸಿದ್ದು ಸೋತವರ ನಷ್ಟವನ್ನು, ಅದೂ ಪಶ್ಚಾತ್ತಾಪದೊಡನೆ. ಆಟ ಮುಗಿದ ಮೇಲೆ ಪಕ್ಕದ ಅಂಕಣದ ಕಡೆ ಕಣ್ಣು ಹಾಯಿಸಿದ ಅರಸರು ಎಷ್ಟು ಮಂದಿ? ಅವನೂ ನೋಡಿದ್ದು ಗೆದ್ದ ಮೇಲೆಯೇ. ಲಕ್ಷ ಜನ ಸತ್ತ ಮೇಲೆ. ನಮಗಾದರೂ ಸ್ವಲ್ಪ ಮುಂಚೆ ನೋಡುವ ಅನುಕೂಲವಿದೆ.

ಆಟದ ಒಂದು ಗುಣವನ್ನು ನಾನು ಆಗ ಮೆಚ್ಚಿಕೊಂಡೆ. ಅದು ಎರಡು ಅಂಕಣಗಳನ್ನೂ ಒಂದೇ ಪರದೆಯ ಮೇಲೆ ಇಟ್ಟಿದೆ. ನಾನು ಗುಡಿಸಿದ್ದು ಎಲ್ಲಿ ಬಿತ್ತೆಂಬುದು ನನ್ನ ಕಣ್ಣೆದುರಿಗೇ ಇದೆ. ಬದುಕಿನಲ್ಲಿ ನಮ್ಮ ಊರಿನ ಕೊಳಕು ಯಾವ ಹಳ್ಳಿಯ ಕೆರೆ ಸೇರಿತು, ನಮ್ಮ ತಟ್ಟೆಯ ಸೋನಾ ಮಸೂರಿ ಯಾರ ಪಾಲಿನ ನೀರು ಕುಡಿಯಿತು ಎಂಬುದು ಪರದೆಯ ಆಚೆ ಉಳಿದುಬಿಡುತ್ತದೆ. ನಮ್ಮಲ್ಲಿ ಬಹುಮಂದಿ ಕ್ರೂರಿಗಳಲ್ಲ. ಅರ್ಧ ಪರದೆ ಮಾತ್ರ ನೋಡುವವರು.

ರಾತ್ರಿ ಊಟವಾದ ಮೇಲೆ ಹುಡುಗಿ ನನ್ನನ್ನೂ ಆಟಕ್ಕೆ ಎಳೆದಳು. ಮುದುಕನ ಬೆರಳು, ಬೇಗನೆ ಸೋತೆ. ಅವಳು ಕನಿಕರದಿಂದ ಬುದ್ಧಿ ಹೇಳಿದಳು:

"ನಿಮ್ದಷ್ಟ ನೋಡಿದ್ರ ಹೆಂಗ್ರಿ ಅಜ್ಜ? ನಂದೂ ನೋಡ್ಬೇಕು."

ಸಂಜೆಯೆಲ್ಲ ಅದನ್ನೇ ಆಲೋಚಿಸಿದ್ದವನು ನಾನು. ಆದರೂ ಆಡುವಾಗ ಒಂದು ಸಲವೂ ನನ್ನ ಕಣ್ಣು ಆ ಕಡೆಗೆ ಹೋಗಿರಲಿಲ್ಲ.