ತೊಳೆದರೂ ಹೋಗದ ಮೈಲಿಗೆ

ಮನುಸ್ಮೃತಿಯ 5ನೇ ಅಧ್ಯಾಯದಲ್ಲಿ ವಸ್ತುಗಳನ್ನು ಶುದ್ಧ ಮಾಡಿಕೊಳ್ಳುವ ಕ್ರಮ ಬರುತ್ತದೆ. ಅಲ್ಲಿ ಬಟ್ಟೆಗೆ ಹೇಳಿದ್ದೇ ತೊಗಲಿಗೂ: ತೊಳೆದರೆ ಸಾಕು. 4ನೇ ಅಧ್ಯಾಯದಲ್ಲಿ ಯಾರ ಅನ್ನ ಉಣ್ಣಬಾರದು ಎಂಬ ಪಟ್ಟಿಯಿದೆ. ತೊಗಲು ಕೊಯ್ಯುವವನ ಅನ್ನ ಉಂಡರೆ ಕೀರ್ತಿ ಹೋಗುತ್ತದಂತೆ. ಸಮಗಾರಿಕೆಯಲ್ಲೇ ಹೊಟ್ಟೆ ಹೊರೆಯುವ ನನಗೆ ಇವೆರಡನ್ನೂ ಒಟ್ಟಿಗೆ ಓದಿದಾಗ ನಗು ಬಂತು. ವಸ್ತುವಿನ ಮೈಲಿಗೆ ನೀರಿಗೆ ಹೋಗುತ್ತದೆ, ಮಾಡಿದವನದು ಹೋಗುವುದಿಲ್ಲ. ಹಾಗಾದರೆ ಅದು ಇರುವುದೆಲ್ಲಿ?

ನನ್ನ ಕಸುಬಿನಲ್ಲಿ ಕೈ ತಾಗದೆ ಏನೂ ಆಗುವುದಿಲ್ಲ. ಎಲೆಕ್ಟ್ರಿಷಿಯನ್‌ಗಳು ಬೆಲ್ಟಿಗೆ ಸಿಕ್ಕಿಸಿಕೊಳ್ಳಲು ಕಟಿಂಗ್ ಪ್ಲೇಯರ್‌ನ ಅಳತೆಗೇ ಪೌಚು ಮಾಡಿಸುತ್ತಾರೆ. ಅದಕ್ಕೆ ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ತೊಗಲೇ ಆಗಬೇಕು. ಕ್ರೋಮ್ ಹದದ್ದು ಎಷ್ಟು ಒತ್ತಿದರೂ ಹೇಳಿದ ಮಾತು ಕೇಳುವುದಿಲ್ಲ. 3 ಮಿಲಿಮೀಟರ್ ದಪ್ಪದ ತುಂಡನ್ನು ನೀರಲ್ಲಿ ಮುಳುಗಿಸಿದರೆ ಗುಳ್ಳೆ ಏಳುತ್ತವೆ. ಅವು ನಿಂತ ಮೇಲೆ ತೆಗೆದು, ಮೇಲಿನ ಬಣ್ಣ ತುಸು ತಿಳಿಯಾಗುವ ತನಕ ಬಿಟ್ಟು, ಪ್ಲೇಯರ್ ಮೇಲೆ ಹೊದಿಸಿ ಹೆಬ್ಬೆರಳಿನಿಂದ ಒತ್ತುತ್ತ ಹೋಗಬೇಕು. ಹಿಡಿಕೆಯ ತಿರುವು, ನಡುವಿನ ರಿವೆಟ್ ಒಂದೊಂದಾಗಿ ಮೂಡುತ್ತವೆ. ಉಗುರು ತಾಗಿದರೆ ಆ ಗೀರೂ ಉಳಿಯುತ್ತದೆ. ಅದಕ್ಕೇ ಮೊದಲು ಉಗುರು ತೆಗೆದುಕೊಳ್ಳುತ್ತೇನೆ. ಒಣಗುವುದು ನೆರಳಲ್ಲೇ. ಬಿಸಿಲಿಗಿಟ್ಟರೆ ಸೆಟೆದು ಬಿರಿಯುತ್ತದೆ.

ಪ್ಲೇಯರಿಗೆ ಮೊದಲೇ ಪ್ಲಾಸ್ಟಿಕ್ ಹಾಳೆ ಸುತ್ತಿರುತ್ತೇನೆ. ತೊಗಟೆಯ ಒಗರು ಹೀರಿದ ತೊಗಲು ಒದ್ದೆಯಿದ್ದಾಗ ಕಬ್ಬಿಣ ತಾಗಿದರೆ ಕಪ್ಪು ಕಲೆ ಕೂರುತ್ತದೆ. ಎಷ್ಟು ತೊಳೆದರೂ ಜಪ್ಪಯ್ಯ ಎನ್ನುವುದಿಲ್ಲ. ಕಬ್ಬಿಣಕ್ಕೂ ತುಕ್ಕು ಹಿಡಿಯುತ್ತದೆ. ತಾಗಿದ್ದರ ಫಲ ಎರಡಕ್ಕೂ ಉಂಟು. ಒಂದೇ ಕಡೆಗೆ ಹರಿಯುವ ಮೈಲಿಗೆಯನ್ನು ನಾನು ವಸ್ತುಗಳಲ್ಲಿ ಕಂಡಿಲ್ಲ, ಮನುಷ್ಯರಲ್ಲಿ ಮಾತ್ರ ಕಂಡಿದ್ದೇನೆ.

ಸತ್ತ ಪ್ರಾಣಿಯದ್ದು, ಅದಕ್ಕೇ ಹೇಸಿಗೆ ಎನ್ನುವವರಿದ್ದಾರೆ. ಆ ಮಾತನ್ನು ಸುಮ್ಮನೆ ತಳ್ಳಿಹಾಕಲಾರೆ. ಹಸಿ ಚರ್ಮದ ನಾತ ನನಗೂ ಗೊತ್ತು. ಆದರೆ ಮಡಿಗೆಂದು ಉಡುವ ರೇಷ್ಮೆ, ಗೂಡಿನೊಳಗೇ ಹುಳುವನ್ನು ಸಾಯಿಸಿ ಬಿಚ್ಚಿದ ನೂಲು. ದೇವರ ಮುಂದೆ ನುಡಿಸುವ ಮೃದಂಗದ ಮುಚ್ಚಿಗೆಯೂ ತೊಗಲೇ. ಸಾವೇ ಕಾರಣವಾಗಿದ್ದರೆ ಇವೂ ಹೊಸಿಲಾಚೆ ಉಳಿಯಬೇಕಿತ್ತು.

12ನೇ ಶತಮಾನದ ಡೋಹರ ಕಕ್ಕಯ್ಯನವರು ತೊಗಲು ಹದ ಮಾಡುವ ಕುಲದವರು. ‘ಅಭಿನವ ಮಲ್ಲಿಕಾರ್ಜುನ’ ಎಂಬ ಅಂಕಿತದಲ್ಲಿ ಅವರ ವಚನಗಳಿವೆ. ಬಸವಣ್ಣನವರು ಅವರನ್ನು ತಮ್ಮ ಮನೆತನದ ಹಿರಿಯರ ಸಾಲಿನಲ್ಲಿ ಸೇರಿಸಿಕೊಂಡರು. ನನಗೆ ದೊಡ್ಡದಾಗಿ ಕಾಣುವುದು ಇದು: ಅವರನ್ನು ಮೇಲೆತ್ತಿದೆ ಎನ್ನಲಿಲ್ಲ, ನಾನೇ ಅವರ ಮನೆಯವನು ಎಂದರು.

ಗುಡಿಯ ಬಾಗಿಲಲ್ಲಿ ಬೆಲ್ಟು, ಪೌಚು ಬಿಚ್ಚಿಡಿ ಎಂದರೆ ಬಿಚ್ಚಿಡುತ್ತೇನೆ. ಅದು ಅಲ್ಲಿನ ಕಟ್ಟಳೆ. ಅದನ್ನು ಹೊಲಿದ ಕೈಗೂ ಮೈಲಿಗೆ ಎಂದರೆ ಒಪ್ಪಲಾರೆ. ಮೈಲಿಗೆ ತೊಗಲಿನಲ್ಲಿದ್ದಿದ್ದರೆ ಶಾಸ್ತ್ರ ಹೇಳಿದಂತೆ ತೊಳೆದಾಗಲೇ ಹೋಗಬೇಕಿತ್ತು. ಇನ್ನೂ ಉಳಿದಿದೆ ಎಂದರೆ ಅದನ್ನು ಯಾರೋ ಜೋಪಾನ ಮಾಡಿ ಇಟ್ಟುಕೊಂಡಿದ್ದಾರೆ. ಇಟ್ಟುಕೊಂಡವರು ನಾವಂತೂ ಅಲ್ಲ.