ವಿದ್ಯಾವಂತನಾರು?

ಅಣ್ಣಿಗೇರಿಯು ವಿದ್ಯೆಯ ಕೀರ್ತಿಯುಳ್ಳ ಊರು. ಕ್ರಿ.ಶ. 941ರಲ್ಲಿ ಆದಿಪುರಾಣವನ್ನು ರಚಿಸಿದ ಪಂಪನ ತಾಯಿ ಅಬ್ಬಣಬ್ಬೆಯು ಇದೇ ಊರಿನ ಜೋಯಿಸ ಸಿಂಘನ ವಂಶದವಳೆಂದು, ಕವಿಯ ತಮ್ಮನಾದ ಜಿನವಲ್ಲಭನ ಕುರಿಕ್ಯಾಲ ಶಾಸನವು ಸಾರುತ್ತದೆ. ಇಂಥ ಊರಿನ ಎರೆಭೂಮಿಯಲ್ಲಿ ಹತ್ತಿ, ಕಡಲೆಗಳನ್ನು ಬೆಳೆದು, ಹೊಟ್ಟೆಬಟ್ಟೆ ಕಟ್ಟಿ, ಮಗನನ್ನು ಹುಬ್ಬಳ್ಳಿ ಧಾರವಾಡಗಳಿಗೆ ಓದಲು ಕಳುಹುವ ತಂದೆಗೆ ಒಂದೇ ಹಂಬಲ: ಮಗನು ವಿದ್ಯಾವಂತನಾಗಲಿ. ಆ ಮಗನು ಪದವೀಧರನಾಗಿ ಮರಳಿ, ಗೆಳೆಯರೆದುರಿಗೆ ತಂದೆಯ ಮಣ್ಣು ಮೆತ್ತಿದ ಕೈಗಳನ್ನು ಕಂಡು ನಾಚಿದರೆ, ಆ ಹಂಬಲವು ಕೈಗೂಡಿತೆನ್ನಬಹುದೇ?

ಶರಣರು ಓದನ್ನು ಹಳಿದವರಲ್ಲ. ನಡೆಗೆ ಇಳಿಯದ ಓದನ್ನು ಒಪ್ಪದವರು. ಆಯ್ದಕ್ಕಿ ಮಾರಯ್ಯನು ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದನು. ಒಂದು ದಿನ ಅವನು ಎಂದಿಗಿಂತ ಹೆಚ್ಚಿನ ಅಕ್ಕಿಯನ್ನು ತಂದನು. ಹೆಂಡತಿ ಲಕ್ಕಮ್ಮನು ಹಿಗ್ಗಲಿಲ್ಲ. ಅಗತ್ಯಕ್ಕೆ ಮೀರಿದುದು ಆಸೆಯೆಂದು ತಿಳಿಹೇಳಿ, ಅದನ್ನು ಇದ್ದೆಡೆಯಲ್ಲಿಯೇ ಸುರಿದು ಬರಲು ಕಳುಹಿದಳು. ಪರರ ತಪ್ಪನ್ನು ಎಣಿಸುವುದಕ್ಕೆ ಅಲ್ಪವಿದ್ಯೆಯೂ ಸಾಕು. ತನ್ನ ಮನೆಗೆ ಲಾಭವಾಗಿ ಬಂದ ತಪ್ಪನ್ನು ಗುರುತಿಸಿ ಹಿಂದಿರುಗಿಸುವುದಕ್ಕೆ ಅರಿವು ಬೇಕು.

ಹಾಗಾದರೆ ಶಾಲೆ ಕಾಲೇಜುಗಳು ವ್ಯರ್ಥವೇ? ಎಂದಿಗೂ ಅಲ್ಲ. ಧಾರವಾಡದಲ್ಲಿ 1880ರಲ್ಲಿ ಜನಿಸಿದ ಡಾ. ಫ. ಗು. ಹಳಕಟ್ಟಿಯವರು ಕಾನೂನು ಕಲಿತು ವಿಜಾಪುರದಲ್ಲಿ ವಕೀಲರಾದರು. ಆ ವಿದ್ಯೆಯಿಂದ ಸಿರಿವಂತರಾಗುವುದು ಅವರಿಗೆ ಕಠಿಣವಾಗಿರಲಿಲ್ಲ. ಆದರೆ ಅವರು ಮನೆಮನೆಗಳ ತಾಳೆಗರಿಗಳನ್ನು ಅರಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು, ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಲಕ್ಕಮ್ಮನಂಥ ಶರಣೆಯರ ನುಡಿಯು ಇಂದು ಗೃಹಸ್ಥರ ಕೈಗೆ ಎಟುಕುವುದು ಇಂಥವರ ಅಕ್ಷರವಿದ್ಯೆಯಿಂದಲೇ. ಅರಿವಿಗೆ ಅಕ್ಷರವು ಆಸರೆ. ಅಕ್ಷರಕ್ಕೆ ಅರಿವು ಜೀವ.

ಓದೂ ಒಂದು ಕಾಯಕವೇ. ಕಾಯಕದ ಫಲವು ದಾಸೋಹಕ್ಕೆ ಸಲ್ಲಬೇಕೆಂಬ ನಿಯಮವು ಒಕ್ಕಲಿಗನ ರಾಶಿಗೆ ಹೇಗೋ ಪದವೀಧರನ ಜ್ಞಾನಕ್ಕೂ ಹಾಗೆಯೇ. ನೆರೆಯವನು ಸಾಲಪತ್ರವನ್ನು ಹಿಡಿದು ಬಂದಾಗ ಅದರಲ್ಲಿರುವುದನ್ನು ಇದ್ದಂತೆ ಓದಿ ಹೇಳುವವನು, ತನಗೆ ತಿಳಿಯದುದನ್ನು ತಿಳಿಯದೆಂದು ಒಪ್ಪುವವನು, ದುಡಿಯುವ ಕೈಯನ್ನು ಕೀಳೆಂದು ಬಗೆಯದವನು, ಅವನೇ ವಿದ್ಯಾವಂತನು.

ಆದುದರಿಂದ ಸದ್ಭಕ್ತರು ಪರೀಕ್ಷೆಯ ಅಂಕಗಳನ್ನು ವಿಚಾರಿಸುವಂತೆಯೇ, ಕಲಿತುದು ಯಾರಿಗೆ ನೆರವಾಯಿತೆಂದೂ ಮಕ್ಕಳನ್ನು ಕೇಳಬೇಕು. ಆ ಪ್ರಶ್ನೆಯನ್ನು ಮೊದಲು ತಮಗೇ ಕೇಳಿಕೊಂಡ ಮನೆಯಲ್ಲಿ, ಮಗನು ತಂದೆಯ ಕೈಗಳಿಗೆ ನಾಚಲಾರನು.